ಇನ್ನು ಶೌಚಾಲಯದಲ್ಲಿ ಚುಚ್ಚಿಕೊಳ್ಳುವುದಿಲ್ಲ

ಮಾರ್ಚ್ ೧೨, ಗುರುವಾರ. ಶ್ತಿಪ್ ಪಟ್ಟಣ.

ಹೊಲಿಗೆ ಕಾರ್ಖಾನೆಯ ಮೇಲ್ವಿಚಾರಕಿ ರಿಸ್ತಾನಾಳ ಮಾತು ಇನ್ನೂ ಕಿವಿಯಲ್ಲೇ ಇದೆ. "ಸೂಜಿ ಚುಚ್ಕೊಳ್ಳೋದೆಲ್ಲ ಶೌಚಾಲಯದಲ್ಲಿ ಇಟ್ಕೋ ತಾಯಿ. ನೋಡೋರಿಗೆ ಹೇಸಿಗೆ."

ಸಕ್ಕರೆ ಕಾಯಿಲೆ ನನಗೆ ಒಂಬತ್ತನೇ ವಯಸ್ಸಿನಿಂದ ಇದೆ. ಊಟಕ್ಕೆ ಮೊದಲು ಇನ್ಸುಲಿನ್ ಬೇಕು. ಹತ್ತು ನಿಮಿಷ ಬಿಡುವು, ಒಂದು ಶುಚಿಯಾದ ಮೂಲೆ ಕೊಡಿ ಎಂದು ವೈದ್ಯರ ಪತ್ರ ಕೊಟ್ಟು ಎರಡು ತಿಂಗಳಾಯಿತು. ಅಷ್ಟು ದಿನವೂ ಆ ಗಬ್ಬು ನಾತದಲ್ಲೇ ನಿಂತು ಚುಚ್ಚಿಕೊಂಡೆ. ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಇವತ್ತು ಹೊಲಿಗೆ ಯಂತ್ರ ನಿಲ್ಲಿಸಿ, ಕೂತಲ್ಲೇ ಅಂಗಿ ಸರಿಸಿ ಚುಚ್ಚಿಕೊಂಡೆ. ರಿಸ್ತಾನಾ ಓಡಿಬಂದಳು.

"ನೀನು ಊಟಾನ ಶೌಚಾಲಯದಲ್ಲಿ ಮಾಡ್ತೀಯಾ? ಇದೂ ನನ್ನ ಊಟಾನೇ," ಎಂದೆ.

"ನಾಳೆಯಿಂದ ಬರಬೇಡ."

ಉಳಿದವರೆಲ್ಲ ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದರು. ಪಕ್ಕದ ಮುದುಕಿ ಸ್ಲಾವ್ಕಾ ಮಾತ್ರ ಯಂತ್ರದಿಂದ ಕಾಲು ತೆಗೆದಳು. "ಹಂಗಾದ್ರೆ ನನ್ನ ಹೆಸರೂ ಹೊಡೆದುಹಾಕ್ಬಿಡವ್ವಾ."

ಗಲಾಟೆ ಕೇಳಿ ಮಾಲೀಕನೇ ಕೆಳಗಿಳಿದು ಬಂದ. ನನ್ನನ್ನೂ ಸ್ಲಾವ್ಕಾಳನ್ನೂ ನೋಡಿ ನಿಟ್ಟುಸಿರಿಟ್ಟ. "ಇಸ್ತ್ರಿ ಕೋಣೆ ಮೇಜು ತಗೋ. ಸೋಮವಾರದವರೆಗೆ ಮಾತ್ರ."

"ನನ್ನ ಕಾಯಿಲೆ ಸೋಮವಾರ ಮುಗಿಯಲ್ಲ ಸ್ವಾಮಿ."

ಅವನು ಆಗಲೇ ಮೆಟ್ಟಿಲು ಹತ್ತುತ್ತಿದ್ದ. ಮಂಗಳವಾರವೂ ಅದೇ ಮೇಜಿಗೆ ಹೋಗಿ ಕೂರುತ್ತೇನೆ. ಬಂದು ಎಬ್ಬಿಸಲಿ, ನೋಡೇಬಿಡೋಣ...