ನೀವು ಖಾಲಿ ಎಂದು ಬರೆದ ತೋಟ

ನಗರಾಡಳಿತದ ಆಹಾರ ಮತ್ತು ಆರೋಗ್ಯ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಆಸ್ಪತ್ರೆಯ ಹಿಂದಿನ ಜಾಗ ಖಾಲಿ ಇದೆ ಎಂದು ಬರೆದು ಅದರ ಕೆಳಗೆ ತಾವು ಸಹಿ ಹಾಕಿದ್ದೀರಿ. ಅದು ಖಾಲಿ ಇಲ್ಲ. ಅಲ್ಲಿ ನಮ್ಮ ತೋಟವಿದೆ. ಬರುವ ಸೋಮವಾರ ಅಗೆಯುವ ಯಂತ್ರ ಬರುತ್ತದೆ, ಅಷ್ಟರೊಳಗೆ ನಿಮ್ಮ ನಿಮ್ಮ ಸಾಮಾನು ತೆಗೆದುಕೊಳ್ಳಿ ಎಂದು ಗೇಟಿಗೆ ನೋಟಿಸು ಅಂಟಿಸಿ ಹೋಗಿದ್ದಾರೆ ನಿಮ್ಮವರು. ತೋಟ ತೆಗೆದು ತಾವು ಅಲ್ಲಿ ಕಟ್ಟಲು ಹೊರಟಿರುವುದಾದರೂ ಏನು? ‘ಸ್ಥಳೀಯ ಆಹಾರ ಜಾಗೃತಿ ಭವನ’! ಮೊದಲ ಸಲ ಓದಿದಾಗ ನನಗೆ ನಗು ಬಂತು, ಸುಳ್ಳು ಹೇಳುವುದಿಲ್ಲ. ಎರಡನೇ ಸಲ ಓದಿದಾಗ ಮೈಯೆಲ್ಲ ಉರಿದುಹೋಯಿತು. ಜನ ತಮ್ಮ ಊರಿನಲ್ಲೇ ತರಕಾರಿ ಬೆಳೆದು ತಿನ್ನಬೇಕು ಎಂದು ತಿಳಿಹೇಳುವ ಕಟ್ಟಡಕ್ಕಾಗಿ, ಜನ ತರಕಾರಿ ಬೆಳೆದು ತಿನ್ನುತ್ತಿರುವ ಜಾಗವನ್ನೇ ನೆಲಸಮ ಮಾಡುವ ಆಲೋಚನೆ ಯಾರಿಗೆ ಹೊಳೆಯಿತು ಸ್ವಾಮಿ? ಈ ಪ್ರಶ್ನೆಯನ್ನು ತಮ್ಮ ಮುಖ ನೋಡಿ ಕೇಳಬೇಕೆಂದು ಕಚೇರಿಗೆ ಬಂದೆ, ಮತ್ತೆ ಬಂದೆ, ಬಾಗಿಲಿನ ಬೆಂಚು ಸವೆಸಿದೆ. ಒಳಗೆ ಬಿಡಲಿಲ್ಲ. ಅದಕ್ಕೇ ಊರಿಗೆಲ್ಲ ಕೇಳುವ ಹಾಗೆ ಈ ಬಹಿರಂಗ ಪತ್ರದಲ್ಲಿ ಕೇಳುತ್ತಿದ್ದೇನೆ.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಆಸ್ಪತ್ರೆಯ ಮುಖ್ಯ ಬಾಗಿಲಿನ ಎದುರು, ಔಷಧಿ ಅಂಗಡಿಗೂ ಬೀಗ ರಿಪೇರಿ ಅಂಗಡಿಗೂ ನಡುವೆ ಇಕ್ಕಟ್ಟಾಗಿ ಕುಳಿತಿರುವ ಊಟದಂಗಡಿ ನನ್ನದು. ನಮ್ಮಲ್ಲಿ ಉಣ್ಣಲು ಬರುವವರಲ್ಲಿ ಹೆಚ್ಚಿನವರು ರೋಗಿಗಳ ಜೊತೆಗೆ ಬಂದವರು. ಒಳಗಿರುವವರ ಚಿಂತೆಯಲ್ಲಿ ತಾವು ನಿನ್ನೆಯಿಂದ ಉಂಡಿಲ್ಲ ಎನ್ನುವುದನ್ನೂ ಮರೆತವರು. ಅಂಥವರ ತಟ್ಟೆಗೆ ಬಾಡಿದ ಸೊಪ್ಪು ಹಾಕಲು ಮನಸ್ಸು ಬರುವುದಿಲ್ಲ. ಆದರೆ ಎಲ್ಲಿಂದಲೋ ಲಾರಿಯಲ್ಲಿ ಬರುವ ತರಕಾರಿ ನಮ್ಮ ಮಾರುಕಟ್ಟೆ ಸೇರುವ ಹೊತ್ತಿಗೆ ಆ ರೋಗಿಗಳಿಗಿಂತ ಸುಸ್ತಾಗಿರುತ್ತಿತ್ತು. ತೋಟ ಶುರುವಾಗಿದ್ದು ಈ ಸಂಕಟಕ್ಕೆ. ಆಸ್ಪತ್ರೆಯ ಹಿಂದೆ ಹಿಂದೊಮ್ಮೆ ಬಟ್ಟೆ ಒಗೆಯುವ ಶೆಡ್ ಇತ್ತು. ಅದು ಕುಸಿದ ಮೇಲೆ ಯಾರೂ ಆ ಕಡೆ ತಿರುಗಿ ನೋಡಿರಲಿಲ್ಲ. ಇಟ್ಟಿಗೆ ಚೂರು, ಗಾಜು, ಒಡೆದ ಹೆಂಚು, ತುಕ್ಕು ಹಿಡಿದ ಕೊಳವೆ. ಗುದ್ದಲಿ ಹಾಕಿದರೆ ಟಣ್ ಎನ್ನುತ್ತಿತ್ತೇ ಹೊರತು ಮಣ್ಣು ಅನ್ನುವುದು ಕೈಗೆ ಸಿಗುತ್ತಿರಲಿಲ್ಲ. ಸುತ್ತಮುತ್ತಲಿನ ಹತ್ತಾರು ಮನೆಯವರು ಸೇರಿ, ಆಗಿನ ಆಸ್ಪತ್ರೆ ಮೇಲ್ವಿಚಾರಕರ ಅನುಮತಿ ಕೇಳಿಯೇ ಅಲ್ಲಿ ಕೈ ಹಾಕಿದೆವು. ನನ್ನ ಅಡುಗೆಮನೆಯ ಸಿಪ್ಪೆ, ಚಹಾ ಅಂಗಡಿಯ ಚರಟ, ಬಡಗಿಯ ಮರದಪುಡಿ, ರಸ್ತೆ ಗುಡಿಸುವಾಕೆ ಒಟ್ಟುಮಾಡಿಕೊಟ್ಟ ಒಣಗಿದ ಎಲೆ, ಎಲ್ಲವೂ ಅಲ್ಲಿಗೇ ಹೋದವು. ವರ್ಷಗಟ್ಟಲೆ ಹೋದವು. ನಿಧಾನಕ್ಕೆ ಅದು ಕಪ್ಪಗಾಯಿತು, ಮೆತ್ತಗಾಯಿತು, ಎರೆಹುಳ ಬಂದವು. ಇವತ್ತು ಬೆಳೆದದ್ದರಲ್ಲಿ ಅರ್ಧ ಅವರವರ ಮನೆಗೆ, ಅರ್ಧ ನನ್ನ ಅಂಗಡಿಗೆ. ನನ್ನ ಅಂಗಡಿಯ ಸಿಪ್ಪೆ ಮತ್ತೆ ಅಲ್ಲಿಗೇ.

ಈ ತೋಟದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಇರುವವನು ನನ್ನ ಮೈದುನ. ಸರಕಿನ ಯಾರ್ಡಿನಲ್ಲಿ ಕ್ರೇನ್ ನಡೆಸುತ್ತಿದ್ದವನು. ಒಂದು ದಿನ ಕ್ಯಾಬಿನ್ನಿನಲ್ಲೇ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಅರ್ಧ ಮಾತು ಹೋದವು. ಕಾಲು ಸ್ವಲ್ಪ ಮಟ್ಟಿಗೆ ಬರುತ್ತದೆ, ಕೈಯ ಆಸೆ ಇಟ್ಟುಕೊಳ್ಳಬೇಡಿ ಎಂದರು ವೈದ್ಯರು. ಮನೆಗೆ ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಕರೆದರೆ ಓಗೊಡುತ್ತಿರಲಿಲ್ಲ. ಊಟ ಇಟ್ಟರೆ ಹಾಗೇ ಇರುತ್ತಿತ್ತು. ಹೆತ್ತ ತಾಯಿ, ನನ್ನ ಅತ್ತೆ, ಹಾಸಿಗೆಯ ಪಕ್ಕ ಕೂತು, “ಏಳೋ ಮಗಾ, ದಮ್ಮಯ್ಯ ಅಂತೀನಿ, ಏಳೋ” ಎನ್ನುತ್ತಿದ್ದರು. ಒಂದು ಬೆಳಿಗ್ಗೆ ನನಗೆ ಸಿಟ್ಟು ನೆತ್ತಿಗೇರಿ, “ನೋಡು, ಸಿಪ್ಪೆ ಬಕೆಟ್ ತುಂಬಿ ನಾರ್ತಾ ಇದೆ, ನಂಗೆ ಒಲೆ ಬಿಟ್ಟು ಬರೋಕಾಗಲ್ಲ, ನೀನೇ ತಗೊಂಡು ಹೋಗು” ಎಂದು ಬಕೆಟನ್ನು ಅವನ ಮಂಚದ ಪಕ್ಕ ಕುಕ್ಕಿ ಬಂದೆ. ನಾತ ತಡೆಯಲಾರದೆ ಎದ್ದನೋ ಅತ್ತಿಗೆಯ ಬೈಗುಳ ತಡೆಯಲಾರದೆ ಎದ್ದನೋ, ಎದ್ದ. ಎಡಗೈಯಲ್ಲಿ ಬಕೆಟ್ ಹಿಡಿದು, ಕಾಲೆಳೆಯುತ್ತ ತೋಟಕ್ಕೆ ಹೋದ. ಅಂದಿನಿಂದ ಗೊಬ್ಬರದ ಗುಂಡಿ ಅವನದು. ಈಚೀಚೆಗೆ ಬಲಗೈಯಲ್ಲಿ ಒಂದು ಲೋಟ ಹಿಡಿಯುತ್ತಾನೆ, ನೀರು ತುಳುಕಿದರೆ ತಾನೇ ನಗುತ್ತಾನೆ. ಇದನ್ನು ತಮ್ಮ ವಿಭಾಗದಲ್ಲಿ ‘ಆರೋಗ್ಯ’ದ ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಈಗ ತಮ್ಮ ‘ಸ್ಥಳ ಪರಿಶೀಲನೆ’ಯ ವಿಷಯಕ್ಕೆ ಬರುತ್ತೇನೆ. ತಾವು ತೋಟ ನೋಡಲು ಬರುತ್ತೀರಿ ಎಂದು ಕಚೇರಿಯಿಂದ ಹೇಳಿಕಳಿಸಿದಾಗ ನಮಗಾದ ಸಂಭ್ರಮವನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಊರ ಗೋಡೆಗಳ ಮೇಲೆಲ್ಲ ‘ನಮ್ಮ ಊರು, ನಮ್ಮ ಊಟ’ ಎಂದು ತಮ್ಮದೇ ಭಿತ್ತಿಪತ್ರಗಳಿದ್ದವು. ಇವರು ನಮ್ಮ ಬೆನ್ನು ತಟ್ಟಲು ಬರುತ್ತಿದ್ದಾರೆ ಎಂದುಕೊಂಡೆವು. ತೋಟದ ಸಾಲುಗಳನ್ನು ಟೇಪು ಹಿಡಿದು ಅಳೆಯುವ ನಮ್ಮ ಟೈಲರ್ ಅಂತೂ ನೆಲದ ಮೇಲೆ ನಿಲ್ಲಲಿಲ್ಲ. “ಸಾಹೇಬ್ರು ಬರೋವಾಗ ಹಿಂಗೆ ಕಾಡು ತರ ಇದ್ರೆ ಏನಂದ್ಕೋತಾರೆ? ಎಲ್ಲ ನೀಟಾಗಿರ್ಬೇಕು” ಎಂದ. ನಾನು, “ಇರೋ ಹಾಗೇ ನೋಡ್ಲಿ ಬಿಡಿ” ಎಂದೆ. ಅತ್ತೆ ಬಿಡಬೇಕಲ್ಲ! “ಮನೆಗೆ ಬರೋರ ಮುಂದೆ ಗಲೀಜು ಹರಡ್ಕೊಂಡು ಕೂರೋಕಾಗುತ್ತೇನೇ? ಎಂಥ ಮನೆಯವಳೇ ನೀನು?” ಎಂದು ನನ್ನ ಬಾಯಿ ಮುಚ್ಚಿಸಿದರು. ಸರಿ, ತೋಟದವರೆಲ್ಲ ಶುರುಮಾಡಿದರು. ಬೀನ್ಸ್ ಬಳ್ಳಿಯ ಕೋಲುಗಳು ಸೊಟ್ಟಗಿವೆ ಎಂದು ಬಳ್ಳಿ ಸಮೇತ ಕಿತ್ತರು. ಟೊಮೇಟೊ ಗಿಡಗಳು ನೆಲಕ್ಕೆ ಒರಗಿವೆ ಎಂದು ತೆಗೆದರು. ಕುಂಬಳದ ಬಳ್ಳಿ ದಾರಿಗೆ ಅಡ್ಡ ಬಂದಿದೆ ಎಂದು ಸುತ್ತಿ ಆಚೆ ಹಾಕಿದರು. ಪಾಲಕ್, ಮೂಲಂಗಿ, ಈರುಳ್ಳಿ, ಬಲಿತದ್ದು ಬಲಿಯದ್ದು ಒಂದೂ ಬಿಡದೆ ಕಿತ್ತು ನನ್ನ ಅಡುಗೆಮನೆಗೆ ಹೊತ್ತು ತಂದರು, ಬರಲಿರುವ ತಮಗೆ ಬಡಿಸಲೆಂದು. ಮಡಿಗಳನ್ನು ಹಲಗೆ ಎಳೆದು ಸಮ ಮಾಡಿದರು. ಅಂಚಿನ ಕಲ್ಲುಗಳಿಗೆ ಸುಣ್ಣ ಬಳಿದರು. ನಾವು ಅಷ್ಟು ದಿನ ಬೆಳೆದದ್ದನ್ನು ನಮ್ಮ ಕೈಯಾರೆ ಒಂದೇ ಬೆಳಿಗ್ಗೆ ಗುಡಿಸಿ ಹಾಕಿ, ಹಣೆಯ ಬೆವರು ಒರೆಸಿಕೊಂಡು, ‘ಎಷ್ಟು ಚೆನ್ನಾಗಿ ಕಾಣ್ತಿದೆ’ ಎಂದು ಹಲ್ಲು ಕಿರಿಯುತ್ತ ಸಾಲಾಗಿ ನಿಂತೆವು.

ತಾವು ಬಂದಿರಿ. ಗೇಟಿನ ಹತ್ತಿರ ಕಾರು ನಿಂತಿತು, ಗಾಜು ಇಳಿಯಿತು. ತಮ್ಮ ಸಹಾಯಕರು ಇಳಿದು ನಾಲ್ಕು ಫೋಟೋ ಹೊಡೆದುಕೊಂಡರು. ಟೈಲರ್ ಓಡಿ ಹೋಗಿ, “ಒಳಗೆ ಬನ್ನಿ ಸಾರ್, ಒಂದು ತುತ್ತು ಊಟ ಮಾಡ್ಕೊಂಡು ಹೋಗಿ, ಎಲ್ಲ ಇಲ್ಲೇ ಬೆಳೆದಿದ್ದು” ಎಂದು ಕೈಮುಗಿದ. “ಟೈಮಿಲ್ಲಪ್ಪ, ಪೌಷ್ಟಿಕ ಆಹಾರದ ಬಗ್ಗೆ ಮೀಟಿಂಗ್ ಇದೆ” ಎಂದಿರಿ. ಗಾಜು ಏರಿತು. ಆ ಮೀಟಿಂಗಿನಲ್ಲಿ ತಮಗೆ ಕೊಟ್ಟದ್ದು ಪೊಟ್ಟಣದ ಬಿಸ್ಕತ್ತು ಎಂದು ಆಮೇಲೆ ಗೊತ್ತಾಯಿತು, ಕೊಟ್ಟ ಹುಡುಗಿ ನನ್ನಲ್ಲೇ ಊಟ ಮಾಡುವವಳು. ತಮಗಾಗಿ ಬಡಿಸಿಟ್ಟದ್ದನ್ನು ಆ ಮಧ್ಯಾಹ್ನ ಆಸ್ಪತ್ರೆಯಿಂದ ಬಂದವರೆಲ್ಲ ಹೊಟ್ಟೆ ತುಂಬ ಉಂಡರು. ಆ ಬಗ್ಗೆ ನನಗೇನೂ ಬೇಸರವಿಲ್ಲ.

ನಮ್ಮ ಹುರುಪಿಗೆ ಸಿಕ್ಕ ಬಹುಮಾನ ನೋಟಿಸಿನ ಜೊತೆಗೇ ಬಂತು. ಅದರಲ್ಲಿ ಒಂದು ಫೋಟೋ ಇತ್ತು. ಸಮತಟ್ಟಾದ ಕಪ್ಪು ನೆಲ, ಸುತ್ತ ಬೆಳ್ಳಗಿನ ಕಲ್ಲು, ಕೆಳಗೆ ಒಕ್ಕಣೆ: ‘ಯೋಜನೆಗಾಗಿ ಗುರುತಿಸಲಾದ ಖಾಲಿ ನಿವೇಶನ’. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿ, “ಸುಣ್ಣ ಚೆನ್ನಾಗಿ ಬಂದಿದೆ ಅಲ್ವೇ?” ಎಂದರು. ನಾನು ಓದಿ ಹೇಳಿದ ಮೇಲೆ ಒಳಗೆ ಹೋಗಿ ಅತ್ತರು. ನಾನು ಕಚೇರಿಗೆ ಬಂದೆ. ತಾವು ಸಿಗಲಿಲ್ಲ, ಸಹಾಯಕರು ಸಿಕ್ಕರು. ಅವರು ಫೋಟೋವನ್ನು ನನ್ನ ಮುಂದೆ ತಳ್ಳಿ, “ಇದ್ರಲ್ಲಿ ಒಂದೇ ಒಂದು ಗಿಡ ತೋರ್ಸಿ ಮೇಡಂ, ನೋಡೋಣ” ಎಂದರು.

“ಇತ್ತು ಸಾರ್. ನಿಮ್ಮ ಊಟಕ್ಕೇಂತ ಕಿತ್ವಿ.”

“ಕಿತ್ತಿರಾ? ಹಾಗಾದ್ರೆ ಖಾಲಿ ಆಯ್ತಲ್ಲ. ನಾವು ಬರ್ದಿರೋದ್ರಲ್ಲಿ ತಪ್ಪೇನಿದೆ?”

ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು, “ಬೇಜಾರಾಗ್ಬೇಡಿ, ಭವನ ಆದ್ಮೇಲೆ ನಿಮ್ಗೂ ತರಬೇತಿ ಕೊಡ್ತೀವಿ, ತರಕಾರಿ ಬೆಳೆಯೋದು ಹೇಗೆ ಅಂತ” ಎಂದು ಸಮಾಧಾನ ಹೇಳಿ ಭವನದ ಬಗ್ಗೆ ಒಂದು ಪುಸ್ತಿಕೆ ಕೈಗಿತ್ತರು. ಬಣ್ಣಬಣ್ಣದ ಪುಸ್ತಿಕೆ. ಮನೆಗೆ ಬಂದು ಓದಿದೆ. ತಾವೂ ದಯವಿಟ್ಟು ಒಮ್ಮೆ ಓದಿ, ಸಹಿ ತಮ್ಮದೇ ಇದೆ. ‘ಸದರಿ ನಿವೇಶನದ ಮಣ್ಣು ಸ್ವಾಭಾವಿಕವಾಗಿಯೇ ಅತ್ಯಂತ ಫಲವತ್ತಾಗಿರುವುದು ಪರೀಕ್ಷೆಯಿಂದ ಕಂಡುಬಂದಿದ್ದು, ಭವನದ ಮುಂಭಾಗದಲ್ಲಿ ಮಾದರಿ ಕೈತೋಟ ರೂಪಿಸಲು ಸೂಕ್ತವಾಗಿದೆ.’ ಸ್ವಾಭಾವಿಕವಾಗಿಯೇ! ಇಟ್ಟಿಗೆ ಚೂರಿನ ಮೇಲೆ ತಾನಾಗಿಯೇ ಕಪ್ಪು ಮಣ್ಣು ಹುಟ್ಟಿತೇ? ಗಿಡಗಳಿಲ್ಲ ಎನ್ನುವಾಗ ಆ ಜಾಗದಲ್ಲಿ ನಾವು ಇರಲೇ ಇಲ್ಲ. ಮಣ್ಣು ಚೆನ್ನಾಗಿದೆ ಎನ್ನುವಾಗಲೂ ನಾವು ಇರಲಿಲ್ಲ. ಹಾಗಾದರೆ ಇಷ್ಟು ವರ್ಷ ಬೆನ್ನು ಬಗ್ಗಿಸಿದವರು ಯಾರು, ದೆವ್ವಗಳೇ?

ಅದೇ ಪುಸ್ತಿಕೆಯ ತುಂಬ ‘ಸುಸ್ಥಿರ ಸ್ಥಳೀಯ ಆಹಾರ ವ್ಯವಸ್ಥೆ’ ಎಂಬ ಮಾತು ಕಾಣುತ್ತದೆ. ನಾನು ಹೆಚ್ಚು ಓದಿದವಳಲ್ಲ, ತಪ್ಪಿದ್ದರೆ ತಿದ್ದಿ. ಹಿಂದೊಮ್ಮೆ ಹೆದ್ದಾರಿಯ ಸೇತುವೆ ಕುಸಿದು ಲಾರಿಗಳು ನಿಂತಾಗ ಮಾರುಕಟ್ಟೆಯಲ್ಲಿ ಬುಟ್ಟಿಗಳು ಬೋರಲು ಬಿದ್ದಿದ್ದವು. ತಮ್ಮ ವಿಭಾಗ ಒಂದು ಸಮಿತಿ ಮಾಡಿತು. ಸಮಿತಿ ವರದಿ ಕೊಡುವಷ್ಟರಲ್ಲಿ ಸೇತುವೆಯೇ ರಿಪೇರಿಯಾಗಿತ್ತು. ಅಷ್ಟೂ ದಿನ ನನ್ನ ಅಂಗಡಿಯ ಒಲೆ ಆರಲಿಲ್ಲ. ಹೆರಿಗೆ ವಾರ್ಡಿನಿಂದ ಒಬ್ಬ ಗಂಡ ಓಡಿಬಂದು, “ಅಕ್ಕಾ, ಅವಳಿಗೆ ಸ್ವಲ್ಪ ಸೊಪ್ಪು ಬೇಯಿಸಿಕೊಡ್ತೀರಾ? ಊರೆಲ್ಲ ಸುತ್ತಿದೆ, ಎಲ್ಲೂ ಇಲ್ಲ” ಎಂದಾಗ ನನ್ನ ಮೈದುನ ಆಸ್ಪತ್ರೆಯ ಹಿಂದಿನ ಬಾಗಿಲಿನಿಂದ ತೋಟಕ್ಕೆ ಹೋಗಿ ಕಿತ್ತುಕೊಂಡು ಬಂದ. ಆ ವ್ಯವಸ್ಥೆಗೆ ಏನು ಹೆಸರು? ಊರಿನ ಹೊಟ್ಟೆಗೂ ಊರಿನ ಮಣ್ಣಿಗೂ ನಡುವೆ ಒಂದು ಹಿಂದಿನ ಬಾಗಿಲಷ್ಟೇ ದೂರ ಇರುವುದನ್ನು ತಾವು ಸುಸ್ಥಿರ ಎಂದು ಕರೆಯುವುದಿಲ್ಲವೇ? ಅಥವಾ ಅದಕ್ಕೊಂದು ಶಂಕುಸ್ಥಾಪನೆ ಆಗಲೇಬೇಕೇ?

ನೋಟಿಸು ಬಂದ ಮೇಲೆ ಮೈದುನ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ. ನನಗೆ ಹೆದರಿಕೆಯಾಯಿತು, ನಿಜ ಹೇಳುತ್ತೇನೆ. ಭವನದ ಮೇಲಿನ ಸಿಟ್ಟಿಗಿಂತ ಅದೇ ದೊಡ್ಡದು. ಒಮ್ಮೆ ಬೈದು ಎಬ್ಬಿಸಿದವಳು ನಾನು, ಈ ಸಲ ಏನೆಂದು ಬೈಯಲಿ, ಎಲ್ಲಿಗೆ ಹೋಗು ಎನ್ನಲಿ? ನಿನ್ನೆ ಅವನ ಪಕ್ಕ ಕೂತು ಆ ಪುಸ್ತಿಕೆಯ ಸಾಲನ್ನು ಓದಿ ಹೇಳಿದೆ, ಸ್ವಾಭಾವಿಕವಾಗಿ ಫಲವತ್ತಾದ ಮಣ್ಣು ಎನ್ನುವುದನ್ನು. ಮತ್ತೊಮ್ಮೆ ಓದು ಎನ್ನುವಂತೆ ಕೈ ಆಡಿಸಿದ. ಓದಿದೆ. ಬಹಳ ಹೊತ್ತು ತುಟಿ ಅಲುಗಿಸುತ್ತಿದ್ದು, “ಅತ್ತಿಗೆ, ಜಾಗ ಅವ್ರದು. ಮಣ್ಣು ನಮ್ದು” ಎಂದ. ಲಕ್ವ ಹೊಡೆದ ಮೇಲೆ ಅವನ ಬಾಯಿಂದ ಅಷ್ಟು ಉದ್ದದ ಮಾತು ನಾನು ಕೇಳಿರಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ‘ಖಾಲಿ’ ಎಂಬ ಮಾತನ್ನು ತಮ್ಮ ಕಡತದಿಂದ ಹೊಡೆದುಹಾಕಿ, ಸೋಮವಾರದ ಯಂತ್ರವನ್ನು ನಿಲ್ಲಿಸಿ. ಭವನ ಬೇಕೇ ಬೇಕೆಂದರೆ ತಮ್ಮ ಕಚೇರಿಯ ಹಿಂದೆ ಮುರಿದ ಜೀಪುಗಳು ತುಕ್ಕು ಹಿಡಿದು ನಿಂತಿರುವ ಅಂಗಳವಿದೆ, ಅದು ನಿಜವಾಗಿಯೂ ಖಾಲಿ, ಬೆಂಚಿನ ಮೇಲೆ ಕೂತು ಕಾಯುವಾಗ ಚೆನ್ನಾಗಿ ನೋಡಿಕೊಂಡಿದ್ದೇನೆ. ಭಾನುವಾರ ತಾವೇ ಬನ್ನಿ. ಈ ಸಲ ನಾವು ಏನನ್ನೂ ಗುಡಿಸುವುದಿಲ್ಲ, ಮೊಳಕೆಗಳು ಮತ್ತೆ ಎದ್ದಿವೆ, ಕೆಸರಿದೆ, ಗೊಬ್ಬರದ ನಾತವಿದೆ. ಕಾರಿನಿಂದ ಇಳಿದು, ಗೇಟು ದಾಟಿ ಒಳಗೆ ಬನ್ನಿ. ಬರಲು ಸಮಯವಿಲ್ಲದಿದ್ದರೆ ಚಿಂತೆಯಿಲ್ಲ. ತಮಗೆ ಬೇಕಾಗಿರುವುದು ಖಾಲಿ ನಿವೇಶನ ತಾನೇ? ಖಾಲಿ ಮಾಡಿಯೇ ಒಪ್ಪಿಸುತ್ತೇವೆ. ಸಾಮಾನು ತೆಗೆದುಕೊಳ್ಳಿ ಎಂದು ತಾವೇ ಬರೆದಿದ್ದೀರಿ, ನಮ್ಮ ಸಾಮಾನೆಂದರೆ ಮಣ್ಣು. ಇಟ್ಟಿಗೆ ಚೂರು, ಗಾಜು, ಹೆಂಚು ಎಲ್ಲ ಅಡಿಯಲ್ಲಿ ಹಾಗೇ ಇವೆ, ಒಂದೂ ಮುಟ್ಟುವುದಿಲ್ಲ. ತಮ್ಮ ಮಾದರಿ ಕೈತೋಟವನ್ನು ಅದರ ಮೇಲೆ ಸ್ವಾಭಾವಿಕವಾಗಿ ಬೆಳೆಸಿಕೊಳ್ಳಿ.

ಇದನ್ನು ಬರಿ ಬೆದರಿಕೆ ಎಂದು ತಿಳಿಯಬೇಡಿ. ಇವತ್ತು ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಮೊದಲ ಬುಟ್ಟಿ ಮಣ್ಣು ಹಿತ್ತಲಿಗೆ ಬಂದಾಗಿತ್ತು. ಮೈದುನ ಅದರ ಪಕ್ಕ ನಿಂತು ಏದುಸಿರು ಬಿಡುತ್ತಿದ್ದ. ಬುಟ್ಟಿಯ ಹಿಡಿ ಇನ್ನೂ ಅವನ ಬಲಗೈಯಲ್ಲೇ ಇತ್ತು.

ಇಂತಿ,
ತಮಗೆಂದು ಬಡಿಸಿದ ಊಟ ಬೇರೆಯವರು ಉಂಡರೂ ತಮಗಾಗಿ ಇನ್ನೂ ಒಂದು ತಟ್ಟೆ ಎತ್ತಿಟ್ಟಿರುವ,
ಆಸ್ಪತ್ರೆ ಎದುರಿನ ಊಟದಂಗಡಿಯವಳು