ಅಪ್ಪ ಬಿಟ್ಟುಕೊಟ್ಟ ಇಟಲಿಯ ಗಾಡಿಗಳು

ಮಾರ್ಚ್ ೧೮, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಬುಗುರಿಯ ನಮಸ್ಕಾರ. ಭಾವನವರಿಗೂ ತಿಳಿಸು. ನಿನ್ನ ಎರಡು ಪತ್ರಗಳೂ ಕೈಸೇರಿ ಬಹಳ ದಿನವಾಯಿತು. ಎರಡನೆಯದರಲ್ಲಿ ‘ಬದುಕಿದ್ದೀಯೋ ಇಲ್ಲವೋ, ಅಷ್ಟಾದರೂ ಬರೆ’ ಎಂದು ಬೈದಿದ್ದೀಯ. ಬದುಕಿದ್ದೇನೆ ಅಕ್ಕಾ. ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈ ಪತ್ರವನ್ನೇ ನೋಡು, ಅಂಗಡಿಯ ಮೇಜಿನ ಮೇಲೆ ಶುರು ಮಾಡಿ, ಬಸ್‌ ನಿಲ್ದಾಣದಲ್ಲಿ ಮುಂದುವರಿಸಿ, ಈಗ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ಕ್ಷಮಿಸು.

ಇವಳು ಮುಖ ಊದಿಸಿಕೊಂಡಿದ್ದಾಳೆ. “ಅರವತ್ತಾದ್ಮೇಲೆ ಎಲ್ರೂ ಒಂದು ಕಡೆ ಕೂರ್ತಾರೆ. ನಿಮಗೆ ಈಗ ಕಾಲಿಗೆ ಚಕ್ರ ಬಂದಿದೆ. ಅಂಗಡಿಗೆ ಬಂದೋರು ಕಣ್ಣು ಕಾಣ್ದೆ ವಾಪಸ್ ಹೋಗ್ತಿದ್ದಾರೆ, ನೀವು ಊರೂರು ಸುತ್ತಿ ತಗಡು ಹುಡುಕ್ತಿದ್ದೀರಿ” ಅನ್ನುತ್ತಾಳೆ. ಅವಳ ಮಾತಿನಲ್ಲಿ ತಪ್ಪೇನಿಲ್ಲ. ಕನ್ನಡಕದಂಗಡಿಯವನೇ ಊರು ಬಿಟ್ಟು ಓಡಾಡಿದರೆ ಗಿರಾಕಿಗಳು ಯಾರ ಮುಖ ನೋಡಬೇಕು? ಕಾಣುವುದಿಲ್ಲವಲ್ಲ, ಪಾಪ.

ಇದಕ್ಕೆಲ್ಲ ಕಾರಣ ಆ ಹಲ್ಲಿನ ಡಾಕ್ಟರು. ಫೋನಿನಲ್ಲಿ ನಿನಗೆ ಅರ್ಧಂಬರ್ಧ ಹೇಳಿದ್ದೆ. ಹಳೆಯ ಕಾರುಗಳ ಹುಚ್ಚಿರುವ ಮನುಷ್ಯ. ಓದುವ ಕನ್ನಡಕ ಮಾಡಿಸಲು ಬಂದವರು, ನನ್ನ ಹಿಂದಿನ ಗೋಡೆಯಲ್ಲಿದ್ದ ಫೋಟೊ ನೋಡಿ ಎದ್ದು ನಿಂತುಬಿಟ್ಟರು. ಅಪ್ಪ ತೋಳು ಮಡಚಿ ಗಾಡಿಗೆ ಒರಗಿ ನಿಂತಿದ್ದಾರಲ್ಲ, ಅದೇ ಫೋಟೊ. “ಸಾರ್, ಇವು ಇಟಲಿಯವು. ಆ ಕೆಂಪಂದು ಆಲ್ಫಾ, ನೀಲಿದು ಲ್ಯಾನ್ಸಿಯಾ. ಪಕ್ಕದ ಬಿಳಿ ಫಿಯೆಟ್‌ಗೆ ಯಾರೋ ಕೈಯಲ್ಲೇ ಬಾಡಿ ಕಟ್ಟಿದ್ದಾರೆ. ಇಂಥ ಮೂರು ಗಾಡಿ ಒಂದೇ ಮನೇಲಿತ್ತಾ? ಈಗ ಎಲ್ಲಿವೆ?” ಎಂದರು.

ನನಗೆ ಗೊತ್ತಿದ್ದ ಉತ್ತರ ಕೊಟ್ಟೆ. ಅಪ್ಪ ಇಟಲಿಯಿಂದ ನೇಯ್ಗೆಯ ಯಂತ್ರ ತರಿಸುತ್ತಿದ್ದರು, ಆ ಹಡಗುಗಳಲ್ಲೇ ಗಾಡಿಗಳೂ ಬಂದವು, ಆಮೇಲೆ ವ್ಯಾಪಾರ ಬಿತ್ತು, ಮಾರಿದರು. ಡಾಕ್ಟರು ಫೋಟೊದ ಹಿಂಬದಿಯಲ್ಲಿ ಕಾಣುವ ಗೋದಾಮನ್ನು ತೋರಿಸಿ, “ಇದು ಹೊಸದಾಗಿ ಕಟ್ತಾ ಇರೋ ಹಾಗಿದೆ. ವ್ಯಾಪಾರ ಬಿದ್ದೋರು ಗೋದಾಮು ಕಟ್ತಾರಾ?” ಎಂದು ಕೇಳಿ ಕನ್ನಡಕ ತೆಗೆದುಕೊಂಡು ಹೋದರು. ನನ್ನ ತಲೆಯಲ್ಲಿ ಹುಳ ಬಿಟ್ಟು ಹೋದರು.

ನಿನ್ನನ್ನು ಕೇಳಿದೆ. ನೀನು, “ಹಳೇ ತಗಡು ಕಣೋ, ಬಿಟ್ಹಾಕು” ಎಂದು ಭಾವನಿಗೆ ಫೋನು ಕೊಟ್ಟೆ. ಭಾವ ಹವಾಮಾನದ ವಿಷಯ ಮಾತಾಡಿದರು. ಅವರು ಹವಾಮಾನ ಮಾತಾಡಿದರೆಂದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ಆವತ್ತಿನಿಂದ ನನಗೆ ನೆಮ್ಮದಿ ಇಲ್ಲ.

ಬಿಳಿ ಫಿಯೆಟ್ ಮೊದಲು ಸಿಕ್ಕಿತು. ಡಾಕ್ಟರ ಗೆಳೆಯರೊಬ್ಬರು ಗುರುತಿಸಿದರು. ಸಮುದ್ರದ ದಂಡೆಯ ಒಂದು ಹೋಟೆಲಿನ ಬಾಗಿಲಲ್ಲೇ, ಗಾಜಿನ ಗೂಡಿನೊಳಗೆ ನಿಂತಿದೆ. ಎಂಜಿನ್ ಇಲ್ಲ. ಬಂದವರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ, ಹಲ್ಲು ಕಿರಿದುಕೊಂಡು. ಹೋಟೆಲಿನ ಹಿರಿಯ ಯಜಮಾನರು ಅಪ್ಪನನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. “ನಿಮ್ಮ ತಂದೆ ಚೌಕಾಸಿಗೆ ಹೆಸರುವಾಸಿ ಅಂತ ನಾನು ಸಜ್ಜಾಗಿ ಹೋಗಿದ್ದೆ. ಅವರು ಬೆಲೆ ಕೇಳ್ಲೇ ಇಲ್ಲ. ಸಂಜೆಯೊಳಗೆ ಮನೆಯಿಂದ ತಗೊಂಡು ಹೋಗ್ತೀರಾ ಅಂತ ಒಂದೇ ಮಾತು. ಕೀಲಿಕೈ ನನ್ನ ಅಂಗೈಗೆ ಒತ್ತಿದ್ರು. ಗಾಡಿ ಕಡೆ ತಿರುಗಿಯೂ ನೋಡ್ಲಿಲ್ಲ” ಎಂದರು.

ಅಪ್ಪ ಬೆಲೆ ಕೇಳದೆ ಏನನ್ನಾದರೂ ಕೊಟ್ಟಿದ್ದನ್ನು ನಾನಂತೂ ನೋಡಿದವನಲ್ಲ. ನೀನು ನೋಡಿದ್ದೀಯಾ?

ನೀಲಿ ಲ್ಯಾನ್ಸಿಯಾದ ಕಥೆ ಇನ್ನೂ ವಿಚಿತ್ರ. ಅದು ಒಂದು ತಾಂತ್ರಿಕ ಶಾಲೆಗೆ ಹೋಗಿತ್ತು. ಅಲ್ಲಿನ ಕಾರ್ಯಾಗಾರದಲ್ಲಿ ಅದರ ಎಂಜಿನ್ನನ್ನು ನಡುವೆ ಸೀಳಿ, ಒಳಗಿನದೆಲ್ಲ ಕಾಣುವಂತೆ ಬಣ್ಣ ಬಳಿದು ಸ್ಟ್ಯಾಂಡಿನ ಮೇಲೆ ಇಟ್ಟಿದ್ದಾರೆ. ಉಳಿದ ಗಾಡಿ ಎಂದೋ ಗುಜರಿಗೆ ಹೋಯಿತಂತೆ. ನಿವೃತ್ತರಾದ ಮೇಷ್ಟ್ರೊಬ್ಬರನ್ನು ಮನೆಗೆ ಹುಡುಕಿಕೊಂಡು ಹೋದೆ. ಗಿಡಗಳಿಗೆ ನೀರು ಹಾಕುತ್ತಿದ್ದವರು ಪೈಪು ಕೆಳಗಿಟ್ಟು ಹೇಳಿದರು: “ಓಡೋ ಗಾಡಿ ಕಣ್ರೀ! ಅಂಥದ್ದನ್ನ ದಾನ ಕೊಟ್ರು. ಮಕ್ಕಳು ಓಡಿಸಿ ಕಲೀಲಿ ಸ್ವಾಮಿ ಅಂದೆ. ಇಲ್ಲ, ಕೊಯ್ದು ತೋರಿಸಿ, ಇದು ಮತ್ತೆ ರಸ್ತೆಗೆ ಇಳೀಬಾರ್ದು ಅಂದ್ರು. ಕೋಪದಲ್ಲಿ ಹೇಳ್ತಿದ್ದಾರೆ ಅನ್ಕೊಂಡೆ. ಮುಖ ನೋಡಿದ್ರೆ ಅಳೋ ಹಾಗಿದ್ರು.”

ಭಾನುವಾರಗಳಲ್ಲಿ ಮೆತ್ತನೆಯ ಬಟ್ಟೆಯಿಂದ ಗಾಡಿ ಒರೆಸುತ್ತಿದ್ದರೆಂದು ಅಮ್ಮ ಹೇಳುತ್ತಿದ್ದ ಮನುಷ್ಯ ಅದನ್ನು ಕೊಯ್ಯಿರಿ ಎಂದರೆ ಏನರ್ಥ? ಮನೆಗೆ ಬಂದು ಇವಳಿಗೆ ಹೇಳಿದೆ. ಅವಳು ತಟ್ಟೆ ಒರೆಸುತ್ತಿದ್ದವಳು ನಿಲ್ಲಿಸಿ, “ಮೂರನೇದನ್ನ ಹುಡುಕ್ಬೇಡಿ. ನಿಮ್ಮಕ್ಕನಿಗೆ ಬೇಡವಾಗಿದ್ದು ನಿಮಗ್ಯಾಕೆ?” ಎಂದಳು. ಹೆಂಗಸರಿಗೆ ಇಂಥದ್ದು ಮೊದಲೇ ವಾಸನೆ ಬರುತ್ತದೇನೋ. ನಾನು ಕೇಳಲಿಲ್ಲ. ಮರುದಿನವೇ ಹೊರಟೆ.

ಕೆಂಪು ಆಲ್ಫಾಗಾಗಿ ಎರಡು ಸಲ ದಾರಿ ತಪ್ಪಿದೆ. ಒಂದು ಸಲ ತೋರಿಸಿದ ಗಾಡಿ ಬೇರೆಯದೇ, ಇನ್ನೊಂದು ಸಲ ಗಾಡಿಯೇ ಇರಲಿಲ್ಲ, ಬರೀ ಮಾತು. ಕಡೆಗೆ ಡಾಕ್ಟರೇ ಒಂದು ವಿಳಾಸ ಹುಡುಕಿಕೊಟ್ಟರು. ನಾವು ಹುಟ್ಟಿ ಬೆಳೆದ ಊರಿನ ಹೊರಗೆ, ದೊಡ್ಡಾಸ್ಪತ್ರೆಗೆ ಹೋಗುವ ರಸ್ತೆಯ ತಿರುವಿನಲ್ಲಿ, ಒಬ್ಬ ಟಿಂಕರಿಂಗ್ ಮೇಸ್ತ್ರಿಯ ಶೆಡ್ಡು. ಇಷ್ಟೆಲ್ಲ ಸುತ್ತಿದ್ದು ಮನೆಯ ಹಿತ್ತಲಿಗೆ ಬರುವುದಕ್ಕೆ! ಮೇಸ್ತ್ರಿಗೆ ಈಗ ಎಂಬತ್ತರ ಮೇಲೆ. ಕಿವಿ ಮಂದ, ಕಣ್ಣು ಚುರುಕು. ಮಗ ಕೆಲಸ ನೋಡಿಕೊಳ್ಳುತ್ತಾನೆ, ಇವರು ಕುರ್ಚಿಯಲ್ಲಿ ಕೂತು ತಪ್ಪು ಹುಡುಕುತ್ತಾರೆ.

ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಎಳೆದರು. ಅಕ್ಕಾ, ಅದೇ ಕೆಂಪು. ಮೂತಿ, ದೀಪ, ಚಕ್ರ ಎಲ್ಲ ಹೊಳೆಯುತ್ತಿವೆ. ಡ್ರೈವರ್ ಕಡೆಯ ಬಾಗಿಲು ಮಾತ್ರ ಒಳಕ್ಕೆ ನುಗ್ಗಿ, ಮುದುಡಿ, ಬಣ್ಣವಿಲ್ಲದೆ ಹಾಗೆಯೇ ಇದೆ. “ಇದೊಂದು ಯಾಕೆ ಬಿಟ್ರಿ?” ಎಂದು ಕಿವಿಯ ಹತ್ತಿರ ಹೋಗಿ ಕೂಗಿದೆ.

“ಕೈ ಹೋಗ್ಲಿಲ್ಲ ಸಾಮಿ. ಸುತ್ತಿಗೆ ಎತ್ತಿದಾಗಲೆಲ್ಲ ಆ ಹುಡುಗಿ ಮುಖ ಬರ್ತಿತ್ತು.”

“ಯಾವ ಹುಡುಗಿ?”

“ಓಡಿಸ್ತಿದ್ದೋಳು. ಯಜಮಾನರ ಮಗಳು. ಎರಡು ಜಡೆ ಹಾಕ್ಕೊಂಡು, ಏನು ಓಡಿಸ್ತಿದ್ಲು ಅಂತೀರಿ! ಈ ತಿರುವಲ್ಲಿ ಗಾಡಿ ಬಂದ್ರೆ ನಾವೆಲ್ಲ ಕೆಲಸ ಬಿಟ್ಟು ಎದ್ದು ನಿಲ್ತಿದ್ವಿ. ಯಜಮಾನರು ಪಕ್ಕದಲ್ಲಿ ಕೂತು ನಗ್ತಾ ಇರೋರು. ತಾವು ಯಾರು?”

ಹೇಳಿದೆ. ಯಜಮಾನರ ಮಗ ಎಂದಷ್ಟೇ. ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದ ಮೊದಲ ಪ್ರಶ್ನೆ: “ಅವರು ಈಗ ನಡೀತಾರಾ?”

“ನಡೀತಾಳೆ” ಎಂದೆ.

ನೀನು ಗಾಡಿ ಓಡಿಸುತ್ತಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲವಲ್ಲ! ನನಗೆ ಬುದ್ಧಿ ಬಂದಾಗಿನಿಂದ ನೀನು ಗಣಿತ ಹೇಳಿಕೊಡುವ, ಕಾಲೆಳೆದು ನಡೆಯುವ ಅಕ್ಕ. ಬಸ್ಸಿನಲ್ಲಿ ಸಹ ಮುಂದಿನ ಸೀಟಿಗೆ ಕೂರದವಳು. ಅಟ್ಟದ ಮೆಟ್ಟಿಲಿಂದ ಬಿದ್ದು ಕಾಲು ಹೋಯಿತೆಂದು ಅಮ್ಮ ಹೇಳಿದ್ದರು. ಆ ಮೆಟ್ಟಿಲನ್ನು ಚಿಕ್ಕವನಿದ್ದಾಗ ಎಷ್ಟು ಸಲ ಒದ್ದಿದ್ದೇನೆ ಗೊತ್ತೇ? ಪಾಪದ ಮೆಟ್ಟಿಲು, ಮಾಡದ ತಪ್ಪಿಗೆ ಏಟು ತಿಂದಿತು. ಅಪ್ಪ, ಅಮ್ಮ, ನೀನು, ಆಮೇಲೆ ಬಂದ ಭಾವ ಕೂಡ, ಎಲ್ಲರೂ ಒಂದೇ ಸುಳ್ಳನ್ನು ಇಷ್ಟು ಅಚ್ಚುಕಟ್ಟಾಗಿ ಹೇಳಿದ್ದೀರಿ. ನನಗೆ ಕೋಪ ಬಂದಿದೆ. ಬಂದಿತ್ತು. ಈಗ ಏನು ಬಂದಿದೆಯೋ ಹೇಳಲು ಬರುವುದಿಲ್ಲ.

ಇರಲಿ. ಭಾವನವರ ಹೊಸ ಕನ್ನಡಕ ಈ ಪತ್ರದ ಹಿಂದೆಯೇ ಪಾರ್ಸೆಲ್ಲಿನಲ್ಲಿ ಬರುತ್ತದೆ. ಕಿವಿಯ ಹತ್ತಿರ ಒತ್ತಿದರೆ ತಾವೇ ಬಗ್ಗಿಸಲು ಹೋಗಬಾರದೆಂದು ಹೇಳು, ಹೋದ ಸಲ ಮುರಿದರು. ನಿನ್ನ ಮಂಡಿಯ ಆಪರೇಷನ್ ಮುಂದೂಡಬೇಡ. ‘ಇಷ್ಟು ದಿನ ತಳ್ಳಿದ್ದೇನೆ, ಇನ್ನೂ ತಳ್ಳುತ್ತೇನೆ’ ಎಂದು ಬರೆದಿದ್ದೀಯ. ತಳ್ಳಿದ್ದು ಸಾಕು. ಇವಳು ನಿನಗೆ ಅಡ್ಡಬಿದ್ದಿದ್ದಾಳೆ, ನನ್ನ ಮೇಲಿನ ದೂರುಗಳನ್ನು ಬೇರೆ ಪತ್ರದಲ್ಲಿ ಬರೆಯುತ್ತಾಳಂತೆ.

ಚಿಕ್ಕವನು ದೊಡ್ಡವರನ್ನು ಹರಸುವಂತಿಲ್ಲ. ಆದರೂ ನಿನಗೆ ಒಳ್ಳೆಯದಾಗಲಿ ಅಕ್ಕಾ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ತಮ್ಮ,
ಬುಗುರಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೇಸ್ತ್ರಿ ಹೇಳಿದ್ದನ್ನು ಪೂರ್ತಿ ಬರೆದಿಲ್ಲ.

ಆವತ್ತು ಅಪ್ಪ ಗೋದಾಮಿನಲ್ಲಿದ್ದರಂತೆ. ಮಧ್ಯಾಹ್ನ. ನೀನು ಯಾವತ್ತಿಗಿಂತ ಜೋರಾಗಿ ಬಂದೆಯಂತೆ. ತಿರುವಿನಲ್ಲಿ ಮರದ ದಿಮ್ಮಿಯ ಲಾರಿಯೊಂದು ಅಡ್ಡಕ್ಕೆ ತಿರುಗುತ್ತಿತ್ತು. ಶಬ್ದ ಕೇಳಿ ಮೊದಲು ಓಡಿದ್ದು ಮೇಸ್ತ್ರಿಯೇ. ಪಕ್ಕದ ಸೀಟಿನಲ್ಲಿ ಕಂಬಳಿ ಸುತ್ತಿದ ಒಂದು ಮಗುವಿತ್ತಂತೆ. ಜ್ವರ ನೆತ್ತಿಗೇರಿ, ಫಿಟ್ಸ್ ಬಂದು, ಕಣ್ಣು ಮೇಲಾಗಿದ್ದ ಮಗು. ಮೈಮೇಲೆ ಒಂದು ಗೀರೂ ಇರಲಿಲ್ಲವಂತೆ. “ನನ್ನ ಆಮೇಲೆ ತೆಗೀರಿ. ಮೊದ್ಲು ಇವನನ್ನ ಆಸ್ಪತ್ರೆಗೆ ಹೊತ್ಕೊಂಡು ಓಡಿ” ಎಂದೆಯಂತೆ ನೀನು, ಕಾಲು ಬಾಗಿಲಲ್ಲಿ ಸಿಕ್ಕಿಕೊಂಡಿದ್ದಾಗ. ನನ್ನನ್ನು ಹೊತ್ತು ಓಡಿದವರೂ ಆ ಮೇಸ್ತ್ರಿಯೇ. ಆಮೇಲೆ ಅಪ್ಪ ಗಾಡಿಯನ್ನು ಅವರಿಗೇ ಬಿಟ್ಟುಕೊಟ್ಟರು. ‘ಚಿಕ್ಕೋನಿಗೆ ಯಾವತ್ತೂ ಗೊತ್ತಾಗ್ಬಾರ್ದು ಅಂತ ಮಗಳು ಆಣೆ ಹಾಕಿಸ್ಕೊಂಡಿದ್ದಾಳೆ’ ಎಂದಿದ್ದರಂತೆ. ನನ್ನನ್ನು ಹಿರಿಯ ಮಗನೆಂದುಕೊಂಡಿದ್ದರೋ ಏನೋ, ನಾನೇ ಆ ಚಿಕ್ಕವನೆಂದು ಹೇಳುವಷ್ಟರಲ್ಲಿ ಮುದುಕರು ಎಲ್ಲ ಹೇಳಿ ಮುಗಿಸಿದ್ದರು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತರು.

ಆಮೇಲೆ ಆ ಬಾಗಿಲನ್ನು ಮುಟ್ಟಿ ತೋರಿಸಿದರು. “ಡಿಕ್ಕಿ ಆಗೋ ಹೊತ್ತಲ್ಲಿ ಯಾರ ಕೈಯಾದ್ರೂ ತನ್ನ ಜೀವ ಉಳಿಸೋ ಕಡೇನೇ ತಿರುಗುತ್ತೆ. ಜೀವಮಾನ ಪೂರ್ತಿ ಇಂಥ ಗಾಡಿ ನೋಡಿದ್ದೀನಿ. ಇದೊಂದರಲ್ಲೇ ಉಲ್ಟಾ. ಆ ಹುಡುಗಿ ಸ್ಟೇರಿಂಗ್ ಎಳ್ದು ತನ್ನ ಮಗ್ಗುಲನ್ನೇ ಲಾರಿಗೆ ಕೊಟ್ಟಿದ್ದಾಳೆ.”

ಹೋದ ಗುರುವಾರ ನಿನ್ನ ಬೀದಿಗೆ ಬಂದಿದ್ದೆ ಅಕ್ಕಾ. ಎದುರಿನ ಔಷಧಿ ಅಂಗಡಿಯ ಪಕ್ಕ ನಿಂತಿದ್ದೆ. ನೀನು ಯಾರನ್ನೋ ಕಳಿಸಿ ಗೇಟು ಹಾಕಲು ಬಂದೆ. ಬಾಗಿಲಿಂದ ಗೇಟಿನವರೆಗೆ, ಗೋಡೆ ಹಿಡಿದು, ಒಂದೊಂದೇ ಹೆಜ್ಜೆ. ಚಿಲಕ ಹಾಕಿ, ಸುಧಾರಿಸಿಕೊಂಡು, ಮತ್ತೆ ಒಳಗೆ ಹೋದೆ. ಕೂಗಬೇಕೆಂದು ಬಾಯಿ ತೆರೆದೆ. ಕೂಗಿದರೆ ನೀನು ಮತ್ತೆ ಗೇಟಿನವರೆಗೆ ನಡೆಯಬೇಕಲ್ಲ. ಬಸ್ಸು ಹತ್ತಿ ವಾಪಸಾದೆ.

ಈ ಭಾನುವಾರ ಖಂಡಿತ ಬರುತ್ತೇನೆ. ಗೇಟಿನ ಸದ್ದಾದರೆ ನೀನು ಏಳಬೇಡ. ಚಿಲಕ ತೆಗೆದುಕೊಂಡು ನಾನೇ ಒಳಗೆ ಬರುತ್ತೇನೆ.