ಬಾಗಿಲಿರುವ ಕೋಣೆ

ಅಮ್ಮಾ,

ಮೂರು ತಿಂಗಳಿಂದ ನಾನು ಫೋನ್ ಮಾಡದಿರುವುದಕ್ಕೆ ಮುನಿಸು ಕಾರಣವಲ್ಲ. ನಮ್ಮ ಶಾಲೆಯ ಅಡ್ಡಗೋಡೆಯಿಲ್ಲದ ದೊಡ್ಡ ಹಾಲಿನಲ್ಲಿ ನಾಲ್ಕು ತರಗತಿಗಳು ಒಟ್ಟಿಗೇ ನಡೆಯುತ್ತಿದ್ದವು. ಪಕ್ಕದವರ ಮಗ್ಗಿಯ ಗದ್ದಲ ಮೀರಿ ಕೂಗಿ ಕೂಗಿ, ಸಂಜೆಗೆ ನನ್ನ ಗಂಟಲು ಕಟ್ಟಿಹೋಗುತ್ತಿತ್ತು. "ಹೀಗೇ ಕೂಗಿದ್ರೆ ದನಿನೇ ಹೋಗುತ್ತೆ, ಪಾಠ ಮಾಡೋದು ಬಿಡಿ" ಅಂದಿದ್ದರು ಡಾಕ್ಟರು. ಆ ಒಡೆದ ದನಿ ಕೇಳಿದರೆ ನೀನು ಗಾಬರಿಯಾಗುತ್ತೀ ಎಂದು ಫೋನೂ ಮಾಡಲಿಲ್ಲ, ತಿಳಿಸಲೂ ಇಲ್ಲ.

ಸೋಮವಾರ ಹೆಡ್‌ಮೇಡಂ ಹಳೆಯ ಕಟ್ಟಡದಲ್ಲಿ ನನಗೊಂದು ಕೋಣೆ ಕೊಟ್ಟರು. ಬಾಗಿಲು ಮುಚ್ಚಿ, ಮೆಲುದನಿಯಲ್ಲೇ ಕಥೆ ಓದಿದೆ. ಹಿಂದಿನ ಬೆಂಚಿನ ಹುಡುಗಿ, "ಟೀಚರ್, ನಿಮ್ಗೆ ಮೆಲ್ಲಗೂ ಮಾತಾಡೋಕೆ ಬರುತ್ತಾ?" ಎಂದು ಕೇಳಿದಳು. ನನಗೆ ಹೋದ ಜೀವ ಬಂದಂತಾಯಿತು. ನಿನ್ನೆ ಡಾಕ್ಟರೂ ನೋಡಿ, ಹೀಗೇ ಮೆಲ್ಲಗೆ ಮಾತಾಡಿದರೆ ಇನ್ನು ಭಯವಿಲ್ಲ ಎಂದರು.

ಭಾನುವಾರ ಊಟ ಮುಗಿಸಿ ಫೋನಿನ ಹತ್ತಿರವೇ ಕೂತಿರು. ಮೊದಲು ನೀನು ಬೈದು ಮುಗಿಸು, ಆಮೇಲೆ ನಾನು ಶುರುಮಾಡುತ್ತೇನೆ.

ನಿನ್ನ ಬಾಯಿಬಡುಕಿ